ಹೆದ್ದಾರಿಗಳೂ ಪರಿಸರ ಪರಿಶೀಲನೆಯ ಕಾನೂನೂ

ತಲಪಾಡಿಯಿಂದ ತೆಂಕಲಾಗಿ ಹೆದ್ದಾರಿಯಲ್ಲಿ ಪ್ರಯಾಣ ಮಾಡಿದವರೆಲ್ಲರೂ ಕಳೆದ ಕೆಲವು ವರ್ಷಗಳಲ್ಲಿ ಈ ನಾಡಿನ ರೂಪವೇ ಬದಲಾಗಿರುವುದನ್ನು ಕಂಡಿದ್ದಾರೆ. ಎರಡು ಸಾಲಿನ ಹಳೆಯ ದಾರಿಯಿದ್ದಲ್ಲಿ ಆರು ಸಾಲಿನ ಮಾರ್ಗ ಬಂದಿದೆ. ಮುರಕಲ್ಲಿನ ಗುಡ್ಡೆಗಳನ್ನು ನೆಟ್ಟಗೆ ಕಡಿದು, ತಗ್ಗಿನ ನೆಲದಲ್ಲಿ ಮಣ್ಣು ತುಂಬಿ ಏರಿ ಕಟ್ಟಿ, ಮಾರ್ಗವನ್ನು ಸಮ ಮಾಡಲಾಗಿದೆ. ಹೆದ್ದಾರಿ ಬೇಡವೆನ್ನುವವರು ನಾವಲ್ಲ. ನಡುರಾತ್ರಿಯಲ್ಲಿ ರೋಗಿಯನ್ನು ಮಂಗಳೂರಿನ ಆಸ್ಪತ್ರೆಗೆ ಒಯ್ದವರಿಗೆ ಒಳ್ಳೆಯ ರಸ್ತೆಯ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೆ ಇಷ್ಟು ದೊಡ್ಡ ಕೆಲಸಕ್ಕೆ ಕೈಹಾಕುವ ಮೊದಲು ನೆಲಕ್ಕೂ ನೀರಿಗೂ ಜನರಿಗೂ ಏನಾದೀತೆಂದು ಯಾರು ವಿಚಾರಿಸುತ್ತಾರೆ, ಯಾರೊಡನೆ ವಿಚಾರಿಸುತ್ತಾರೆ, ಯಾವ ಭಾಷೆಯಲ್ಲಿ ವಿಚಾರಿಸುತ್ತಾರೆ ಎಂಬ ಪ್ರಶ್ನೆ ಏಳುತ್ತದೆ. ಈ ವಿಚಾರಣೆಗೆ ನಮ್ಮ ದೇಶದಲ್ಲಿ ಒಂದು ಕಾನೂನುಂಟು. ಅದನ್ನು ಹೊಸದಾಗಿ ಬರೆಯಬೇಕೆಂದು 2020ರಲ್ಲಿ ಕೇಂದ್ರ ಸರಕಾರವು ಒಂದು ಕರಡನ್ನು ಪ್ರಕಟಿಸಿತು. ಆ ಕರಡಿನ ಕಥೆಯಲ್ಲಿ ನಮ್ಮ ಕನ್ನಡದ ಕಥೆಯೂ ಸೇರಿಕೊಂಡಿರುವುದರಿಂದ, ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ತಿಳಿಯುವಂತೆ ಅದನ್ನು ಇಲ್ಲಿ ವಿವರಿಸಲು ಯತ್ನಿಸುವೆವು.

ಮೊದಲು ಒಂದು ಉದಾಹರಣೆ. ನಮ್ಮ ಕಡೆಯ ಹಿರಿಯರು ನೀರಿಗಾಗಿ ಬಾವಿಗಳನ್ನಷ್ಟೇ ತೋಡಲಿಲ್ಲ; ಗುಡ್ಡೆಯ ಒಡಲಿಗೆ ಅಡ್ಡಲಾಗಿ ಸುರಂಗಗಳನ್ನೂ ಕೊರೆದರು. ಮಳೆಗಾಲದಲ್ಲಿ ಗುಡ್ಡೆಯ ನೆತ್ತಿಯ ಮೇಲೆ ಬಿದ್ದ ನೀರು ಮುರಕಲ್ಲಿನ ರಂಧ್ರಗಳಲ್ಲಿ ಇಳಿದು, ಅಡಿಯ ಜೇಡಿಮಣ್ಣಿನ ಪದರವನ್ನು ಮುಟ್ಟಿ, ಅಲ್ಲಿಂದ ಪಕ್ಕಕ್ಕೆ ಜಿನುಗುತ್ತದೆ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲ ಎತ್ತರಗಳ ಸುರಂಗವು ಈ ಜಿನುಗನ್ನು ಹಿಡಿದು ತೋಟದ ಕೆರೆಗೆ ತಂದು ಬಿಡುತ್ತದೆ. ಅದಕ್ಕೆ ಪಂಪೂ ಬೇಡ, ವಿದ್ಯುತ್ತೂ ಬೇಡ. ಬಾಯಾರು ಮೊದಲಾದ ಕಡೆಗಳಲ್ಲಿ ಅಡಕೆಯ ತೋಟಗಳು ಈ ನೀರನ್ನು ನಂಬಿ ಬೆಳೆದವು.

ಈಗ ಅಂತಹ ಗುಡ್ಡೆಯೊಂದನ್ನು ರಸ್ತೆಗಾಗಿ ಸುರಂಗದ ಮಟ್ಟಕ್ಕಿಂತಲೂ ಕೆಳಗಿನವರೆಗೆ ಕಡಿದರೆಂದು ಭಾವಿಸಿರಿ. ತೋಟಕ್ಕೆ ಬರಬೇಕಾದ ನೀರು ಕಡಿದ ಗೋಡೆಯಲ್ಲಿ ಒಸರಿ ಮಾರ್ಗದ ಚರಂಡಿಗೆ ಹೋಗುವುದು. ಬೇಸಗೆಯಲ್ಲಿ ತೋಟ ಒಣಗುವುದು ಒಂದು ಕಷ್ಟ. ಮಳೆಗಾಲದಲ್ಲಿ ಆ ಒಸರಿನಿಂದ ನೆನೆದ ಗೋಡೆ ಜರಿಯುವುದು ಇನ್ನೊಂದು ಕಷ್ಟ. ತೋಟದ ಯಜಮಾನನ ಒಂದಂಗುಲ ಭೂಮಿಯೂ ಸ್ವಾಧೀನವಾಗದಿರಬಹುದು. ಆಗ ಪರಿಹಾರದ ಪಟ್ಟಿಯಲ್ಲಿ ಅವನ ಹೆಸರೇ ಇರುವುದಿಲ್ಲ. ಗುಡ್ಡೆಯೊಳಗೆ ಸುರಂಗವಿದೆಯೆಂಬುದು ಉಪಗ್ರಹವು ತೆಗೆದ ಚಿತ್ರದಲ್ಲಿ ಕಾಣಿಸದು. ಅದನ್ನು ಹೇಳಬಲ್ಲವರು ಆ ಊರಿನವರೇ. ಪರಿಸರ ಪರಿಶೀಲನೆಯ ತಿರುಳು ಇದು: ಯೋಜನೆಯ ನಕ್ಷೆ ಇನ್ನೂ ಕಾಗದದ ಮೇಲಿರುವಾಗಲೇ ತಜ್ಞರು ನೆಲಜಲಗಳನ್ನು ಅಭ್ಯಸಿಸಬೇಕು, ಊರಿನವರು ತಮಗೆ ಗೊತ್ತಿರುವುದನ್ನು ಹೇಳಬೇಕು, ಆಮೇಲೆ ಅನುಮತಿಯ ಮಾತು.

ಗುಡ್ಡೆ ಜರಿಯುವುದೆಂದರೆ ಕೇವಲ ಕಲ್ಪನೆಯಲ್ಲ. 2024ರ ಜುಲೈ 16ರಂದು ಉತ್ತರ ಕನ್ನಡದ ಅಂಕೋಲೆಯ ಸಮೀಪ ಶಿರೂರಿನಲ್ಲಿ ಗುಡ್ಡವು ಇದೇ 66ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿ ನದಿಯವರೆಗೂ ಸರಿಯಿತು. ಹಲವರು ಪ್ರಾಣ ಕಳೆದುಕೊಂಡರು. 2025ರ ಜುಲೈಯಲ್ಲಿ ನಮ್ಮ ಜಿಲ್ಲೆಯ ಚೆರುವತ್ತೂರಿನ ವೀರಮಲೆ ಗುಡ್ಡೆಯೂ ಹೆದ್ದಾರಿಗೆ ಜರಿದುಬಿದ್ದಿತು.

ಈ ಕಾನೂನಿನ ಹುಟ್ಟನ್ನು ಸಂಕ್ಷೇಪವಾಗಿ ಹೇಳುವೆವು. 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ದುರಂತ ಸಂಭವಿಸಿದ ತರುವಾಯ, 1986ರಲ್ಲಿ ಪಾರ್ಲಿಮೆಂಟು ಪರಿಸರ ಸಂರಕ್ಷಣಾ ಅಧಿನಿಯಮವನ್ನು ಅಂಗೀಕರಿಸಿತು. ಅದರ ಅಧಿಕಾರದಿಂದ 1994ರ ಜನವರಿ 27ರಂದು ಕೇಂದ್ರ ಸಚಿವಾಲಯವು ಒಂದು ಅಧಿಸೂಚನೆ ಹೊರಡಿಸಿ, ಗಣಿ, ಅಣೆಕಟ್ಟು, ಹೆದ್ದಾರಿ ಮೊದಲಾದವುಗಳಿಗೆ ಪೂರ್ವಭಾವಿ ಪರಿಸರ ಅನುಮತಿ ಬೇಕೆಂದು ವಿಧಿಸಿತು. ಜನರ ಅಹವಾಲು ಸಭೆ ಅದಕ್ಕೆ ಸೇರಿದುದು 1997ರಲ್ಲಿ. 2006ರ ಸೆಪ್ಟೆಂಬರ್ 14ರಂದು ಹಳೆಯದನ್ನು ತೆಗೆದು ಹೊಸ ಅಧಿಸೂಚನೆಯನ್ನು ತಂದರು. ಅನೇಕ ತಿದ್ದುಪಡಿಗಳೊಡನೆ ನಡೆದುಬಂದಿರುವುದು ಇದೇ.

ಅಧಿಸೂಚನೆಯೆಂದರೇನೆಂದು ಮಕ್ಕಳು ಕೇಳಬಹುದು. ಶಾಲೆಯಲ್ಲಿ ಸಮಯಪಾಲನೆ ಇರಬೇಕೆಂದು ಆಡಳಿತ ಮಂಡಳಿ ನಿರ್ಣಯಿಸುತ್ತದೆ. ಗಂಟೆ ಎಷ್ಟು ಹೊತ್ತಿಗೆ ಹೊಡೆಯಬೇಕೆಂಬುದನ್ನು ಮುಖ್ಯೋಪಾಧ್ಯಾಯರು ಸೂಚನಾ ಫಲಕದಲ್ಲಿ ಬರೆಯುತ್ತಾರೆ. ಅಧಿನಿಯಮಕ್ಕೂ ಅಧಿಸೂಚನೆಗೂ ಇರುವ ಸಂಬಂಧ ಹೆಚ್ಚುಕಡಮೆ ಅದೇ. ಆದರೆ ಸಚಿವಾಲಯವು ಮನಬಂದಂತೆ ಫಲಕದಲ್ಲಿ ಬರೆಯುವ ಹಾಗಿಲ್ಲ. 1986ರ ನಿಯಮಗಳ ಪ್ರಕಾರ ಮೊದಲು ಕರಡನ್ನು ಪ್ರಕಟಿಸಿ, 60 ದಿನಗಳ ಕಾಲ ಜನರ ಆಕ್ಷೇಪಗಳನ್ನು ಸ್ವೀಕರಿಸಬೇಕು. ಸಾರ್ವಜನಿಕ ಹಿತಕ್ಕಾಗಿ ಈ ಕಟ್ಟಳೆಯನ್ನು ಬಿಡಬಹುದೆಂಬ ಒಂದು ಉಪನಿಯಮವೂ ಉಂಟು. ಆ ಬಾಗಿಲಿನಿಂದ ಏನು ಹೊಕ್ಕಿತೆಂಬುದನ್ನು ಮುಂದೆ ಹೇಳುವೆವು.

2006ರ ಕ್ರಮದಲ್ಲಿ ಯೋಜನೆಗಳನ್ನು ಎರಡು ವರ್ಗಗಳಾಗಿ ವಿಂಗಡಿಸಿದರು. ಮೊದಲನೆಯ ವರ್ಗಕ್ಕೆ ಅನುಮತಿ ಕೊಡುವುದು ಕೇಂದ್ರ ಸಚಿವಾಲಯ. ಎರಡನೆಯದಕ್ಕೆ ಆಯಾ ರಾಜ್ಯದ ಪರಿಸರ ಪ್ರಾಧಿಕಾರ. ಹೊಸ ರಾಷ್ಟ್ರೀಯ ಹೆದ್ದಾರಿಗಳು ಮೊದಲನೆಯದಕ್ಕೂ ಹೊಸ ರಾಜ್ಯ ಹೆದ್ದಾರಿಗಳು ಎರಡನೆಯದಕ್ಕೂ ಸೇರುತ್ತವೆ. ರಾಜ್ಯದ ಪ್ರಾಧಿಕಾರಕ್ಕೆ ನೆರವಾಗಲು ತಜ್ಞರ ಒಂದು ಸಮಿತಿ ಇರುತ್ತದೆ. ಕೆಲವು ಕೆಲಸಗಳು ಎರಡೂ ಕಡೆಯ ಪರಿಶೀಲನೆಗೆ ಒಳಗಾಗುವುದುಂಟು. ಕೋಝಿಕ್ಕೋಡಿನ ಆನಕ್ಕಾಂಪೊಯಿಲಿನಿಂದ ವಯನಾಡಿನ ಮೇಪ್ಪಾಡಿಗೆ ಬೆಟ್ಟವನ್ನು ಕೊರೆದು ಸುಮಾರು 8.7 ಕಿಲೋಮೀಟರಿನ ಸುರಂಗಮಾರ್ಗ ಮಾಡುವ ಯೋಜನೆಗೆ 2025ರ ಮಾರ್ಚಿಯಲ್ಲಿ ಕೇರಳದ ಪ್ರಾಧಿಕಾರವು ಷರತ್ತುಗಳೊಡನೆ ಶಿಫಾರಸು ಮಾಡಿತು. ಮೇ ತಿಂಗಳಿನಲ್ಲಿ ಕೇಂದ್ರದ ತಜ್ಞ ಸಮಿತಿಯು 60 ಷರತ್ತುಗಳನ್ನು ವಿಧಿಸಿ ಒಪ್ಪಿತು. ಅದೇ ಮೇಪ್ಪಾಡಿಯ ಮುಂಡಕ್ಕೈ, ಚೂರಲ್ಮಲೆಗಳಲ್ಲಿ 2024ರ ಜುಲೈ 30ರಂದು ಬೆಟ್ಟ ಕುಸಿದು ಇನ್ನೂರಕ್ಕೂ ಮಿಕ್ಕಿದ ಜನರು ಮಡಿದರೆಂಬುದನ್ನು ನೆನೆದರೆ, ಷರತ್ತುಗಳ ಪಟ್ಟಿ ಏಕೆ ಅಷ್ಟು ಉದ್ದವಾಯಿತೆಂಬುದು ತಿಳಿಯುತ್ತದೆ. ಷರತ್ತುಗಳನ್ನು ಪಾಲಿಸಿದರೋ ಇಲ್ಲವೋ ಎಂದು ನೋಡುವವರು ಯಾರೆಂಬುದು ಬೇರೆಯೇ ವಿಷಯ. ಅದು ಈ ಕಾನೂನಿನ ಹಳೆಯ ಬೇನೆ.

ಪರಿಶೀಲನೆಯ ಹಂತಗಳಲ್ಲಿ ನಮಗೆ ಮುಖ್ಯವಾದುದು ಸಾರ್ವಜನಿಕ ಅಹವಾಲು ಸಭೆ. ಯೋಜನೆಯವರು ಪರಿಸರ ಪರಿಣಾಮದ ಕರಡು ವರದಿಯನ್ನು ಸಿದ್ಧಪಡಿಸಿ, ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು. ಜಿಲ್ಲಾಧಿಕಾರಿಗಳ ಕಚೇರಿಯಲ್ಲಿಯೂ ಸಂಬಂಧಪಟ್ಟ ಸ್ಥಳೀಯ ಸಂಸ್ಥೆಗಳಲ್ಲಿಯೂ ಅದರ ಪ್ರತಿ ಜನರಿಗೆ ನೋಡಲು ಸಿಗಬೇಕು. ಸಭೆಗೆ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು. ಸಭೆಗೆ ಜಿಲ್ಲಾಧಿಕಾರಿಗಳಾಗಲಿ, ಹೆಚ್ಚುವರಿ ಜಿಲ್ಲಾಧಿಕಾರಿಗಳಿಗೆ ಕಡಮೆಯಲ್ಲದ ಅಧಿಕಾರಿಗಳಾಗಲಿ ಅಧ್ಯಕ್ಷರು. ಇಷ್ಟು ಜನರಿದ್ದರೇ ಸಭೆ ಎಂಬ ನಿಯಮವಿಲ್ಲ. ಹತ್ತು ಮಂದಿ ಬಂದರೂ ಸಭೆ ನಡೆದಂತೆಯೇ ಲೆಕ್ಕ. ಬಂದ ಪ್ರತಿಯೊಬ್ಬನಿಗೂ ಪ್ರಶ್ನೆ ಕೇಳಲು ಅವಕಾಶವಿರಬೇಕು. ಸಭೆಯ ಚಿತ್ರೀಕರಣವಾಗಬೇಕು. ಕೊನೆಗೆ, ಹೇಳಿದುದೆಲ್ಲದರ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ವಿವರಿಸಿ ಸಭೆಗೆ ಓದಿ ಹೇಳಿದ ಮೇಲೆ ಅಧ್ಯಕ್ಷರು ರುಜು ಹಾಕಬೇಕು.

ಇದೆಲ್ಲ ಓದಲು ಸೊಗಸಾಗಿದೆ. ಆದರೆ ಇಲ್ಲಿ ಒಂದು ಸೂಕ್ಷ್ಮವುಂಟು. ವರದಿಯ ಸಾರಾಂಶವು ಇಂಗ್ಲಿಷಿನಲ್ಲಿಯೂ, ‘ರಾಜ್ಯದ ಆಡಳಿತ ಭಾಷೆ/ಸ್ಥಳೀಯ ಭಾಷೆ’ಯಲ್ಲಿಯೂ ಇರಬೇಕೆಂದು ಅಧಿಸೂಚನೆ ಹೇಳುತ್ತದೆ. ಎರಡು ಪದಗಳ ನಡುವೆ ಒಂದು ಓರೆಗೆರೆ. ಮೈಸೂರಿನವರಿಗಾಗಲಿ ತಿರುವನಂತಪುರದವರಿಗಾಗಲಿ ಆ ಗೆರೆ ಕಣ್ಣಿಗೆ ಬೀಳುವುದೇ ಇಲ್ಲ. ಅವರಿಗೆ ರಾಜ್ಯದ ಭಾಷೆಯೇ ಸ್ಥಳದ ಭಾಷೆ. 1956ರ ನವೆಂಬರ್ 1ರಿಂದ ಕೇರಳದಲ್ಲಿರುವ ಕಾಸರಗೋಡಿನ ಕನ್ನಡಿಗರಿಗೆ ಇವೆರಡೂ ಬೇರೆ ಬೇರೆ. ತಾಳವಾಡಿ, ಅಕ್ಕಲಕೋಟೆ, ಜತ್ತ, ಮಡಕಶಿರಗಳ ಕನ್ನಡಿಗರ ಪಾಡೂ ಇದೇ. ಗೆರೆಯನ್ನು ‘ಅಥವಾ’ ಎಂದು ಓದಿದ ಅಧಿಕಾರಿ ರಾಜ್ಯದ ಭಾಷೆಯ ಸಾರಾಂಶವೊಂದನ್ನೇ ಇಟ್ಟು ತನ್ನ ಕರ್ತವ್ಯ ಮುಗಿಯಿತೆನ್ನಬಹುದು. ‘ಮತ್ತು’ ಎಂದು ಓದಿದವನು ಕನ್ನಡದಲ್ಲಿಯೂ ಒಂದನ್ನು ಸಿದ್ಧಪಡಿಸಬೇಕಾಗುತ್ತದೆ. ಕೇಳುವವರಿಲ್ಲದಿದ್ದರೆ ಯಾವ ಓದು ಗೆಲ್ಲುವುದೆಂಬುದನ್ನು ಹೇಳಬೇಕಾಗಿಲ್ಲ. ನಮ್ಮ ಎಷ್ಟೋ ಹಿರಿಯರು ಮಲಯಾಳವನ್ನು ನಿರರ್ಗಳವಾಗಿ ಆಡಬಲ್ಲರು. ಆದರೆ ಓದಿದುದು ಕನ್ನಡ ಶಾಲೆಯಲ್ಲಿ. ಪೇಟೆಯ ಮಾತು ಬಲ್ಲವನಿಗೆ ಅಂತರ್ಜಲದ ಕುರಿತಾದ ಅಧ್ಯಾಯ ಅರ್ಥವಾಗುತ್ತದೆಂದು ಭಾವಿಸುವುದು ಸರಿಯಲ್ಲ.

ಎಲ್ಲ ರಸ್ತೆಗಳಿಗೂ ಈ ಪರಿಶೀಲನೆ ಉಂಟೋ? ಇಲ್ಲ. ಇರುವ ರಾಷ್ಟ್ರೀಯ ಹೆದ್ದಾರಿಯನ್ನು ಅಗಲಗೊಳಿಸುವುದಾದರೆ, ಉದ್ದವು 30 ಕಿಲೋಮೀಟರಿಗೆ ಮೀರಿದ್ದರೆ ಮತ್ತು ಬೇರೆ ಕೆಲವು ಲಕ್ಷಣಗಳಿದ್ದರೆ ಅನುಮತಿ ಬೇಕೆಂದು ಮೊದಲು ಇತ್ತು. 2013ರ ಆಗಸ್ಟಿನಲ್ಲಿ ಆ ಮಿತಿಯನ್ನು 100 ಕಿಲೋಮೀಟರಿಗೆ ಏರಿಸಿದರು; ಅಷ್ಟೇ ಸಾಲದು, ಹೆಚ್ಚುವರಿಯಾಗಿ ತೆಗೆದುಕೊಳ್ಳುವ ಭೂಮಿಯು ಹಳೆಯ ಜಾಡಿನಲ್ಲಿ 40 ಮೀಟರಿಗೂ ಹೊಸ ಜಾಡಿನಲ್ಲಿ 60 ಮೀಟರಿಗೂ ಮೀರಿರಬೇಕು. ಗಣಿತ ಬಲ್ಲ ಮಕ್ಕಳಿಗೆ ಇದರ ಪರಿಣಾಮ ಬೇಗನೆ ಹೊಳೆಯುತ್ತದೆ. ತಲಪಾಡಿಯಿಂದ ಕಾಲಿಕ್ಕಡವಿನವರೆಗೆ ನಮ್ಮ ಇಡೀ ಜಿಲ್ಲೆಯನ್ನು ಹಾಯುವ ಹೆದ್ದಾರಿಯೇ 100 ಕಿಲೋಮೀಟರ್ ಉದ್ದವಿಲ್ಲ. ಅದರಲ್ಲಿಯೂ ಕಾಮಗಾರಿಯನ್ನು ತುಂಡುತುಂಡಾಗಿ ವಹಿಸಿಕೊಡುವುದು ವಾಡಿಕೆ. ತಲಪಾಡಿಯಿಂದ ಚೆಂಗಳದವರೆಗಿನ ಒಂದು ತುಂಡು 39 ಕಿಲೋಮೀಟರು. ಒಂದು ಉದ್ದದ ಹೆದ್ದಾರಿಯನ್ನು ಇಂತಹ ತುಂಡುಗಳ ಲೆಕ್ಕದಲ್ಲಿ ಅಳೆದರೆ ಯಾವ ತುಂಡೂ ಮಿತಿಯನ್ನು ಮುಟ್ಟುವುದಿಲ್ಲ. ನೀರು ಮಾತ್ರ ಗುತ್ತಿಗೆಯ ಗಡಿ ನೋಡಿ ಹರಿಯುವುದಿಲ್ಲ.

ಹಿಮಾಲಯದಲ್ಲಿ ನಾಲ್ಕು ಧಾಮಗಳಿಗೆ ಹೋಗುವ ಸುಮಾರು 900 ಕಿಲೋಮೀಟರಿನ ರಸ್ತೆಯನ್ನು 53 ಭಾಗಗಳಾಗಿ ಮಾಡಿದ್ದರು. ಒಟ್ಟು ಯೋಜನೆಗೆ ಪರಿಸರ ಪರಿಶೀಲನೆ ಆಗಲಿಲ್ಲವೆಂಬ ದೂರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನ್ಯಾಯಾಲಯವು 2019ರಲ್ಲಿ ಒಂದು ಉನ್ನತಾಧಿಕಾರ ಸಮಿತಿಯನ್ನು ನೇಮಿಸಿತು. ಮರುವರ್ಷ ರಸ್ತೆಯ ಅಗಲವನ್ನು 5.5 ಮೀಟರಿಗೆ ಸೀಮಿತಗೊಳಿಸಿತು. 2021ರ ಡಿಸೆಂಬರಿನಲ್ಲಿ ಸೈನ್ಯದ ಅಗತ್ಯವನ್ನು ಮನ್ನಿಸಿ ಗಡಿಯ ಕಡೆಗಿನ ರಸ್ತೆಗಳಿಗೆ ಹೆಚ್ಚಿನ ಅಗಲವನ್ನು ಒಪ್ಪಿತು. ತಮಿಳುನಾಡಿನ ವಿಳುಪ್ಪುರದಿಂದ ನಾಗಪಟ್ಟಣಕ್ಕೆ ಹೋಗುವ ಸುಮಾರು 179 ಕಿಲೋಮೀಟರಿನ ಹೆದ್ದಾರಿಯ ಮೊಕದ್ದಮೆಯಲ್ಲಿ, 2021ರ ಜನವರಿಯಲ್ಲಿ, ಭೂಮಿಯ ಅಗಲ ಮಿತಿಯೊಳಗಿರುವುದರಿಂದ ಅನುಮತಿ ಬೇಡವೆಂದು ಅದೇ ನ್ಯಾಯಾಲಯ ತೀರ್ಮಾನಿಸಿತು. ಆದರೆ ಪರಿಶೀಲನೆಯನ್ನು ತಪ್ಪಿಸಿಕೊಳ್ಳುವ ಉಪಾಯವಾಗಿ ಯೋಜನೆಯನ್ನು ತುಂಡರಿಸಕೂಡದೆಂದು ಹೇಳಿ, ಈ ವಿಷಯವನ್ನು ತಜ್ಞರ ಸಮಿತಿಯ ಮುಂದಿಡಬೇಕೆಂದು ಸಚಿವಾಲಯಕ್ಕೆ ಸೂಚಿಸಿತು. ಇನ್ನು ರೈಲುಮಾರ್ಗಗಳ ಹೆಸರು 2006ರ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ರಸ್ತೆಗಾಗಿ ಕಡಿದ ಗುಡ್ಡೆಗೂ ರೈಲಿಗಾಗಿ ಕಡಿದ ಗುಡ್ಡೆಗೂ ಏನು ಭೇದವೋ ನಮಗೆ ಅರ್ಥವಾಗಿಲ್ಲ.

ಇದು ಹಿನ್ನೆಲೆ. ಈಗ 2020ರ ಕರಡಿಗೆ ಬರೋಣ. ಅದು ಸಿದ್ಧವಾದುದು ಮಾರ್ಚಿಯಲ್ಲಿ, ಗೆಜೆಟಿನಲ್ಲಿ ಬಂದುದು ಏಪ್ರಿಲಿನಲ್ಲಿ. ಆ ತಿಂಗಳುಗಳು ಎಂತಹವೆಂದು ಯಾರೂ ಮರೆತಿಲ್ಲ. ಸಾಂಕ್ರಾಮಿಕದ ಭಯದಿಂದ ದೇಶವೇ ಬಾಗಿಲು ಹಾಕಿಕೊಂಡಿತ್ತು. ಅಹವಾಲು ಸಭೆಯ ಪ್ರಕಟಣೆಗೆ ಇದ್ದ 30 ದಿನಗಳನ್ನು 20ಕ್ಕೆ ಇಳಿಸಬೇಕೆಂದು ಕರಡು ಹೇಳಿತು. ದೇಶದ ಗಡಿರೇಖೆಯಿಂದ 100 ಕಿಲೋಮೀಟರಿನೊಳಗಿನ ರಸ್ತೆ, ಕೊಳವೆಮಾರ್ಗ ಮೊದಲಾದವುಗಳಿಗೆ ಜನರ ಅಹವಾಲೇ ಬೇಡವೆಂದಿತು. ನಮ್ಮದೂ ಗಡಿನಾಡೇ, ಆದರೆ ಇಲ್ಲಿ ಹೇಳಿದುದು ಬೇರೆ ದೇಶಗಳೊಡನಿರುವ ಗಡಿ; ಓದುಗರು ಗಾಬರಿಪಡಬೇಕಾಗಿಲ್ಲ. ಅನುಮತಿಯಿಲ್ಲದೆ ಕೆಲಸ ಆರಂಭಿಸಿದವರು ತರುವಾಯ ದಂಡ ತೆತ್ತು ಅನುಮತಿ ಪಡೆಯುವ ದಾರಿಯೊಂದನ್ನೂ ಅದರಲ್ಲಿ ಇಟ್ಟಿದ್ದರು. ವಿಳಂಬದಿಂದ ಯೋಜನೆಗಳ ಖರ್ಚು ಏರುತ್ತದೆ, ಕ್ರಮವನ್ನು ಸರಳಗೊಳಿಸಬೇಕು ಎಂಬುದು ಸರಕಾರದ ಪಕ್ಷದ ವಾದ. ವಿಳಂಬದ ಮಾತು ಸುಳ್ಳಲ್ಲ. ಆದರೆ ಕಚೇರಿಯ ಕಡತ ತಿಂಗಳುಗಟ್ಟಲೆ ಮಲಗುವುದಕ್ಕೆ ಮದ್ದು, ಹಳ್ಳಿಯವನ 30 ದಿನಗಳಿಂದ 10 ದಿನಗಳನ್ನು ಕತ್ತರಿಸುವುದೇ ಎಂದು ನಾವು ಕೇಳುವೆವು.

ಕರಡು ಪ್ರಕಟವಾದುದು ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಮಾತ್ರ. ಆಕ್ಷೇಪ ಹೇಳಿರಿ ಎಂದು ದೇಶದ ಜನರನ್ನು ಕರೆದು, ಬಹುಪಾಲು ಜನರಿಗೆ ತಿಳಿಯದ ಭಾಷೆಯಲ್ಲಿ ಕಾಗದವನ್ನು ಕೈಗಿತ್ತಂತಾಯಿತು. 2020ರ ಜೂನ್ 30ರಂದು ದೆಹಲಿಯ ಹೈಕೋರ್ಟು ಆಕ್ಷೇಪದ ಅವಧಿಯನ್ನು ಆಗಸ್ಟ್ 11ರವರೆಗೆ ವಿಸ್ತರಿಸಿ, ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿಯೂ ಕರಡನ್ನು ಹತ್ತು ದಿನಗಳೊಳಗೆ ಪ್ರಕಟಿಸಬೇಕೆಂದು ಆಜ್ಞಾಪಿಸಿತು. ಕನ್ನಡ, ಮಲಯಾಳಗಳು ಆ ಪಟ್ಟಿಯಲ್ಲಿವೆ, ತುಳು ಇಲ್ಲ. ಕರ್ನಾಟಕದ ಹೈಕೋರ್ಟಿನಲ್ಲಿಯೂ ದಾವೆ ನಡೆದು, ಆಗಸ್ಟ್ 5ರಂದು ಆ ನ್ಯಾಯಾಲಯವು ಅಂತಿಮ ಅಧಿಸೂಚನೆ ಹೊರಡಿಸದಂತೆ ತಾತ್ಕಾಲಿಕವಾಗಿ ತಡೆಯಿತು. ಕಾನೂನಿನಂತೆ ಹಿಂದಿ ಇಂಗ್ಲಿಷುಗಳೆರಡೇ ಸಾಕೆಂದು ಕೇಂದ್ರ ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಗ್ರಾಮಾಂತರದ ಜನರಿಗೆ ಈ ಭಾಷೆಗಳು ತಿಳಿಯವೆಂಬುದನ್ನು ಎತ್ತಿ ಆಡಿದ ನ್ಯಾಯಾಧೀಶರು, ಮರುಪರಿಶೀಲನೆಯನ್ನು ದೆಹಲಿಯ ಹೈಕೋರ್ಟಿನಲ್ಲಿಯೇ ಕೇಳಿಕೊಳ್ಳಿರೆಂದರು. ಆ ವೇಳೆಗೆ ಲಕ್ಷಗಟ್ಟಲೆ ಆಕ್ಷೇಪಗಳು ಬಂದಿದ್ದವು. ಆ ಕರಡು ಅಂತಿಮ ಅಧಿಸೂಚನೆಯಾಗಿ ಹೊರಬರಲಿಲ್ಲ.

ಹಾಗೆಂದು ವಿಷಯ ಮುಗಿಯಿತೆಂದಲ್ಲ. ಇಡಿಯಾಗಿ ಬಾರದುದು ಬಿಡಿಬಿಡಿಯಾಗಿ ಬರತೊಡಗಿತು. 2022ರ ಜುಲೈಯಲ್ಲಿ ತಂದ ತಿದ್ದುಪಡಿಯೊಂದು ದೇಶದ ಗಡಿಯಿಂದ 100 ಕಿಲೋಮೀಟರಿನೊಳಗಿನ, ರಕ್ಷಣಾ ಮಹತ್ವದ ಹೆದ್ದಾರಿಗಳಿಗೆ ಪೂರ್ವಾನುಮತಿಯನ್ನೇ ಬಿಟ್ಟಿತು. ಇದಕ್ಕೂ ಮೊದಲೇ, 2020ರ ಮಾರ್ಚ್ 28ರಂದು, ಮೇಲೆ ಹೇಳಿದ ಉಪನಿಯಮದ ಬಾಗಿಲಿನಿಂದ ಒಂದು ತಿದ್ದುಪಡಿ ಹೊಕ್ಕಿತ್ತು. ಕರಡೂ ಇಲ್ಲ, 60 ದಿನಗಳೂ ಇಲ್ಲ. ರಸ್ತೆ, ಕೊಳವೆಮಾರ್ಗಗಳಂತಹ ಕೆಲಸಗಳಿಗಾಗಿ ಸಾಮಾನ್ಯ ಮಣ್ಣನ್ನು ಅಗೆಯುವುದಕ್ಕೆ ಪರಿಸರ ಅನುಮತಿ ಬೇಡವೆಂಬುದು ಅದರ ಒಂದು ಅಂಶ. ಎಷ್ಟು ಮಣ್ಣು, ಎಷ್ಟು ಎಕರೆ, ಯಾವ ಸ್ಥಳದಲ್ಲಿ ಎಂಬ ಯಾವ ಮಿತಿಯೂ ಇರಲಿಲ್ಲ. ಹೆದ್ದಾರಿಯ ಏರಿಗೆ ಮಣ್ಣು ಎಲ್ಲಿಂದ ಬರುತ್ತದೆಂದು ಬಲ್ಲ ನಮ್ಮವರಿಗೆ ಇದರ ಅರ್ಥ ಚೆನ್ನಾಗಿ ಆಗುತ್ತದೆ: ಮಾರ್ಗದಿಂದ ದೂರವಿರುವ ಗುಡ್ಡೆಗೂ ಅಪಾಯ ತಪ್ಪಿದ್ದಲ್ಲ. ಸುಪ್ರೀಂ ಕೋರ್ಟು 2024ರ ಮಾರ್ಚ್ 21ರಂದು ಈ ಅಂಶವನ್ನು ರದ್ದುಪಡಿಸಿತು. ಜನರ ಮಾತನ್ನು ಕೇಳದೆ ಬಿಡುವುದಕ್ಕೆ ಸಾರ್ವಜನಿಕ ಹಿತವೇನಿತ್ತೆಂದು ಸಚಿವಾಲಯ ಕಾರಣ ಕೊಟ್ಟಿಲ್ಲವೆಂದೂ, ಮಿತಿಯಿಲ್ಲದ ವಿನಾಯಿತಿ ಸ್ವೇಚ್ಛೆಯದೆಂದೂ ತೀರ್ಪಿನಲ್ಲಿ ಹೇಳಿತು. ಆ ತೀರ್ಪಿನ ಫಲವಾಗಿ 2025ರ ಮಾರ್ಚಿಯಲ್ಲಿ ಬಂದ ಹೊಸ ಅಧಿಸೂಚನೆಯಲ್ಲಿ 20,000 ಘನಮೀಟರಿನ ಮಿತಿಯೊಂದು ಕಾಣಿಸಿಕೊಂಡಿತು.

ಇನ್ನು ನಮ್ಮ ಪಾಲಕರು ಮಾಡಬಹುದಾದುದನ್ನು ಹೇಳುವೆವು. ಅಹವಾಲು ಸಭೆಯ ಪ್ರಕಟಣೆ ಕಂಡ ಕೂಡಲೇ ಕನ್ನಡದ ಸಾರಾಂಶ ಎಲ್ಲಿದೆಯೆಂದು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿಯೂ ಪಂಚಾಯತಿನಲ್ಲಿಯೂ ವಿಚಾರಿಸಬೇಕು; ಇಲ್ಲದಿದ್ದರೆ ಬೇಕೆಂದು ಬರವಣಿಗೆಯಲ್ಲಿ ಕೇಳಬೇಕು. ಸಭೆಗೆ ಹೋಗಲಾಗದವರು ತಮ್ಮ ಹೇಳಿಕೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ಕಳುಹಿಸಬಹುದು. ಅದನ್ನು ಕನ್ನಡದಲ್ಲಿ ಬರೆಯಲು ಅಂಜಬೇಕಾಗಿಲ್ಲ. ಕುಂದುಕೊರತೆಗಳ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಸಭೆಯಲ್ಲಿ ಮಾತನಾಡಿದವರು ಕೊನೆಯವರೆಗೂ ಕುಳಿತು, ತಮ್ಮ ಮಾತು ಸಾರಾಂಶದಲ್ಲಿ ಸೇರಿತೋ ಇಲ್ಲವೋ ಎಂದು ರುಜುವಾಗುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಊಟದ ಹೊತ್ತಾಯಿತೆಂದು ಎದ್ದುಹೋದವರ ಮಾತು ಕಡತದಲ್ಲಿ ಉಳಿಯುವ ಭರವಸೆಯಿಲ್ಲ.

ಬರೆಯುವಾಗ ‘ನಮ್ಮ ಪರಿಸರ ಹಾಳಾಗುತ್ತದೆ’ ಎಂದಷ್ಟೇ ಬರೆದರೆ ಅದಕ್ಕೆ ಉತ್ತರವಾಗಿ ‘ಕ್ರಮ ಕೈಗೊಳ್ಳಲಾಗುವುದು’ ಎಂಬ ಒಂದು ಸಾಲು ಬರುತ್ತದೆ. ಬಾವಿ ಯಾವ ಸರ್ವೆ ನಂಬರಿನಲ್ಲಿದೆ, ಎಷ್ಟು ಕೋಲು ಆಳ, ಯಾವ ತಿಂಗಳವರೆಗೆ ನೀರಿರುತ್ತದೆ, ಸುರಂಗದ ಬಾಯಿ ಎಲ್ಲಿ, ಅದು ಯಾವ ದಿಕ್ಕಿಗೆ ಎಷ್ಟು ಉದ್ದ ಹೋಗಿದೆ, ಮಳೆಗಾಲದಲ್ಲಿ ತೋಡಿನ ನೀರು ಯಾವ ಮಟ್ಟಕ್ಕೇರುತ್ತದೆ, ಶಾಲೆಯ ಮಕ್ಕಳು ಮಾರ್ಗವನ್ನು ಎಲ್ಲಿ ದಾಟುತ್ತಾರೆ ಎಂಬುದನ್ನು ಬರೆದರೆ ಉತ್ತರವೂ ಅಷ್ಟೇ ಖಚಿತವಾಗಿರಬೇಕಾಗುತ್ತದೆ. ಈ ಕೆಲಸದಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಗಳು ನೆರವಾಗಬಲ್ಲರು. ಹಗ್ಗಕ್ಕೆ ಕಲ್ಲು ಕಟ್ಟಿ ತಮ್ಮ ಮನೆಯ ಬಾವಿಯ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ, ಒಂದೇ ತಾರೀಕಿನಂದು, ಅಳೆದು ನೋಟುಪುಸ್ತಕದಲ್ಲಿ ಬರೆದಿಡಬಹುದು. ಜೊತೆಗೆ ಅಂದಿನ ದಿನಾಂಕವನ್ನೂ ಅಳೆದವರ ಹೆಸರನ್ನೂ ಬರೆಯಲು ಮರೆಯಬಾರದು.